ಎರಡು ಬೆಂಕಿಪುರಗಳು

"ಯಾವೂರು?" ಎನ್ನುವುದು ನಮ್ಮ ಜನ ಹೊಸಬರನ್ನು ಕಂಡ ಕೂಡಲೆ ಕೇಳುವ ಮೊದಲ ಪ್ರಶ್ನೆ. ಹೆಸರು, ಉದ್ಯೋಗ, ಸಂಬಳ, ಮಕ್ಕಳೆಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುವೆಲ್ಲ ಆಮೇಲೆ ಸಾಲಾಗಿ ಬರುತ್ತವೆ. ಊರು ಗೊತ್ತಾಗುವವರೆಗೆ ಮನುಷ್ಯ ಗೊತ್ತಾದಂತಲ್ಲ. ರೈಲಿನಲ್ಲಿ ಎದುರಿಗೆ ಕೂತ ಹಿರಿಯರು ಹೀಗೆ ಕೇಳಿ, ನಾನು "ಭದ್ರಾವತಿ" ಎಂದರೆ, "ಓಹೋ, ಕಬ್ಬಿಣದ ಊರಿನವರು!" ಎಂದು ನನ್ನ ಕಡ್ಡಿಯಂಥ ಮೈಕಟ್ಟನ್ನು ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಕಬ್ಬಿಣದ ಊರಿನಲ್ಲಿ ಇಂಥ ಸರಕೂ ತಯಾರಾಗುತ್ತದೆಯೆ ಎಂಬ ಸಂದೇಹ ಅವರ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ನಲವತ್ತು ವರ್ಷ ದಾಟಿದ ನಾನು, ಒಮ್ಮೆ ಅದನ್ನೇ ಏಳು ಸಮುದ್ರದಾಚೆಯ ಒಬ್ಬ ಮುದುಕಿಯನ್ನು ಕೇಳಿದೆ. ಆಕೆ ನೆಲ್ಲಿಕಾಯಿ ನುಂಗಿದವರಂತೆ ಕ್ಷಣಕಾಲ ಸುಮ್ಮನಿದ್ದು, "ನಮ್ಮ ಊರು ಈಗ ಇಲ್ಲ" ಎಂದಳು. ಊರು ಬಿಟ್ಟು ಬಂದವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ನಾನೂ ಅವರಲ್ಲಿ ಒಬ್ಬ. ಊರೇ ಬಿಟ್ಟುಹೋದವರನ್ನು ಕಂಡದ್ದು ಅದೇ ಮೊದಲು.

2023ರ ಬೇಸಗೆ ರಜೆಯಲ್ಲಿ ನಾನು ಎಲ್ ಪಾಸೋ ಎಂಬ ಊರಿಗೆ ಹೋಗಿದ್ದೆ. ಅಮೆರಿಕದ ಟೆಕ್ಸಸ್ ರಾಜ್ಯದ ಪಡುವಣ ತುದಿಯಲ್ಲಿ, ಮೆಕ್ಸಿಕೋ ದೇಶದ ಗಡಿಗೆ ಅಂಟಿಕೊಂಡಂತೆ ಇರುವ ಊರದು. ನನ್ನ ತಂಗಿ, ಆಕೆಯ ಗಂಡ, ಆರು ವರ್ಷದ ಮಗ ಅಲ್ಲಿದ್ದಾರೆ. ಸುತ್ತ ಮರಳುಗಾಡು, ಹುಲ್ಲುಕಡ್ಡಿಯಿಲ್ಲದ ಬೋಳು ಬೆಟ್ಟ, ನಡುವೆ ರಿಯೋ ಗ್ರಾಂಡೆ. ದೊಡ್ಡ ಹೊಳೆ ಎಂದು ಆ ಮಾತಿನ ಅರ್ಥವಂತೆ. ಭದ್ರೆಯ ದಂಡೆಯಲ್ಲಿ ಬೆಳೆದವನಿಗೆ ಆ ಹೆಸರು ಸ್ವಲ್ಪ ಉತ್ಪ್ರೇಕ್ಷೆಯಾಗಿ ಕಂಡಿತು. ಹೊಳೆಯ ಈಚೆ ಒಂದು ದೇಶ, ಆಚೆ ಇನ್ನೊಂದು ದೇಶ. ಆಚೆ ದಡದ ಹುವಾರೆಸ್ ನಗರದ ಮನೆಗಳಲ್ಲಿ ಬಟ್ಟೆ ಒಣಹಾಕಿರುವುದು ಈಚೆಗೆ ಕಾಣುತ್ತದೆ.

ಮೊದಲ ದಿನವೇ ತಂಗಿ ನನ್ನನ್ನು ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಕರೆದುಕೊಂಡು ಹೋದಳು. ನೋಡಿದರೆ ಕಟ್ಟಡಗಳೆಲ್ಲ ಭೂತಾನದ ಮಠಗಳಂತೆ ಇವೆ! ಇಳಿಜಾರಾದ ಗೋಡೆ, ಮುಂದಕ್ಕೆ ಚಾಚಿದ ಮಾಡು, ಕಿಟಕಿಯ ಮೇಲೆ ಬಣ್ಣದ ಪಟ್ಟಿ. 1914ರಲ್ಲಿ ಒಂದು ಪತ್ರಿಕೆಯಲ್ಲಿ ಭೂತಾನದ ಚಿತ್ರಗಳು ಅಚ್ಚಾಗಿದ್ದುವಂತೆ. ಅಲ್ಲಿಯ ಡೀನರ ಹೆಂಡತಿ ಅವನ್ನು ನೋಡಿ, ನಮ್ಮ ಬೆಟ್ಟಕ್ಕೂ ಇಂಥದೇ ಒಪ್ಪುತ್ತದೆ ಎಂದರಂತೆ. ಲೋಕದಲ್ಲಿ ಹೆಂಡಂದಿರ ಮಾತನ್ನು ಕೇಳಿದ್ದರಿಂದ ಆದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬಹುದು.

ತಂಗಿಯ ನೆರೆಮನೆಯಲ್ಲಿ ಎಪ್ಪತ್ತರ ಒಬ್ಬ ವೃದ್ಧೆ. ಶಾಲೆಯ ಉಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ನನ್ನ ಸೋದರಳಿಯ ಆಕೆಯನ್ನು 'ಅಬುವೆಲಾ' ಎಂದು ಕರೆಯುತ್ತಿದ್ದ. ಸ್ಪ್ಯಾನಿಷಿನಲ್ಲಿ ಅಜ್ಜಿ ಎಂದು ಅರ್ಥ. ನಮ್ಮ ಹಳಗನ್ನಡದ 'ಅಬ್ಬೆ'ಗೂ ಇದಕ್ಕೂ ಯಾವ ನಂಟೂ ಇಲ್ಲವೆಂದು ವ್ಯಾಕರಣ ಪಾಠ ಮಾಡುವ ನನಗೆ ಗೊತ್ತಿತ್ತು. ಆದರೂ ಕಿವಿ ವ್ಯಾಕರಣ ಕೇಳುವುದಿಲ್ಲ. ಎರಡು ದಿನದಲ್ಲಿ ನಾನೂ ಆಕೆಯನ್ನು ಅಬುವೆಲಾ ಎಂದೇ ಕರೆಯತೊಡಗಿದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಮನೆಯ ಮಾತಲ್ಲವಾದ್ದರಿಂದ ನಿಧಾನವಾಗಿ ಆಡಿಕೊಂಡೆವು; ಆದಕಾರಣ ಚೆನ್ನಾಗಿ ಅರ್ಥವಾಯಿತು.

ಊರು ಇಲ್ಲ ಎಂದವಳನ್ನು ಅದರ ಹೆಸರೇನು ಎಂದು ಕೇಳಿದೆ. "ಎಸ್ಮೆಲ್ಡಾ" ಎಂದಳು. ಯಾವುದೋ ರಾಣಿಯ ಹೆಸರಿನಂತೆ ಇದೆಯಲ್ಲ ಎಂದುಕೊಂಡೆ. ಆಕೆ ನಕ್ಕು ಬಿಡಿಸಿ ಹೇಳಿದಳು. ಅದಿರು ಕರಗಿಸುವ ಕಾರ್ಖಾನೆಗೆ ಇಂಗ್ಲಿಷಿನಲ್ಲಿ ಸ್ಮೆಲ್ಟರ್ ಎಂದು ಹೆಸರು. ಅದರ ಸುತ್ತ ಬೆಳೆದ ಕೇರಿಯನ್ನು ಇಂಗ್ಲಿಷರು ಸ್ಮೆಲ್ಟರ್‌ಟೌನ್ ಎಂದರು. ಮೆಕ್ಸಿಕೋದಿಂದ ಬಂದ ಕೂಲಿಯವರ ನಾಲಗೆಗೆ ಮೊದಲಲ್ಲೇ ಬರುವ ಆ 'ಸ್ಮ' ಹೊರಳಲಿಲ್ಲ. ಮುಂದೆ ಒಂದು 'ಎ'ಕಾರ ಹಚ್ಚಿ ಎಸ್ಮೆಲ್ಡಾ ಮಾಡಿಕೊಂಡರು. ಇದನ್ನು ಕೇಳಿ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಸ್ಕೂಲನ್ನು ಇಸ್ಕೂಲು ಮಾಡಿದವರು, ಸ್ಟೇಷನ್ನನ್ನು ಇಸ್ಟೇಷನ್ನು ಮಾಡಿದವರು ನಮ್ಮ ಹಳ್ಳಿಗರೊಬ್ಬರೇ ಅಲ್ಲವಾಯಿತು! ಪರರ ಮಾತನ್ನು ತನ್ನ ಬಾಯಿಗೆ ಒಗ್ಗಿಸಿಕೊಂಡ ಮೇಲೆ ಅದು ತನ್ನದೇ. ಪರರ ಊರೂ ಹಾಗೆಯೇ. ಕಂಪನಿ ಕಟ್ಟಿದ್ದು ಸ್ಮೆಲ್ಟರ್. ಜನ ಬಾಳಿದ್ದು ಎಸ್ಮೆಲ್ಡಾದಲ್ಲಿ. ಅವರು ತಮ್ಮನ್ನು ಎಸ್ಮೆಲ್ಟಿಯಾನೋಗಳು ಎಂದು ಕರೆದುಕೊಂಡರು.

ಆ ಕಾರ್ಖಾನೆಯನ್ನು 1887ರಲ್ಲಿ ರಾಬರ್ಟ್ ಟೌನ್ ಎಂಬಾತ ಸ್ಥಾಪಿಸಿದ. ಮೆಕ್ಸಿಕೋದ ಗಣಿಗಳಿಂದ ರೈಲಿನಲ್ಲಿ ಅದಿರು ಬರುತ್ತಿತ್ತು. ಹೊಳೆಯ ದಂಡೆಯಲ್ಲಿ ಅದನ್ನು ಕರಗಿಸಿ ಸೀಸ ತೆಗೆಯುತ್ತಿದ್ದರು. 1899ರಲ್ಲಿ ಅದು ಅಸಾರ್ಕೋ ಎಂಬ ದೊಡ್ಡ ಕಂಪನಿಗೆ ಸೇರಿತು. ಮುಂದೆ ತಾಮ್ರ, ಸತುವಿನ ಕೆಲಸವೂ ಕೂಡಿಕೊಂಡಿತು. ಅದಿರು ಆಚೆಯ ದೇಶದ್ದು, ಆಳು ಆಚೆಯ ದೇಶದವರು, ಲಾಭ ಮಾತ್ರ ಈಚೆಯದು. 1910ರ ನಂತರ ಮೆಕ್ಸಿಕೋದಲ್ಲಿ ಕ್ರಾಂತಿಯ ಗಲಭೆ ಎದ್ದಾಗ ಇನ್ನಷ್ಟು ಜನ ಹೊಳೆ ದಾಟಿ ಬಂದರು. ಅಬುವೆಲಾಳ ತಾತ ಹಾಗೆ ಬಂದವರಲ್ಲಿ ಒಬ್ಬ.

"ನಿಮ್ಮ ಊರಿನ ಹೆಸರೇನು?" ಎಂದು ಆಕೆ ತಿರುಗಿ ಕೇಳಿದಾಗ ನನಗೆ ಹುರುಪು ಬಂತು. "ನಮ್ಮದೂ ಎಸ್ಮೆಲ್ಡಾವೇ" ಎಂದೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ ಎಂಬುದು ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ಕಬ್ಬಿಣದ ಕುಲುಮೆ ಬರುವುದಕ್ಕೆ ಬಹಳ ಹಿಂದಿನಿಂದಲೂ ಆ ಹೆಸರು ಇತ್ತು. ಬೆಂಕಿ ಆಮೇಲೆ ಹೆಸರನ್ನು ಹುಡುಕಿಕೊಂಡು ಬಂದಂತಾಯಿತು. 1918ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕಾರ್ಖಾನೆಗೆ ಅಡಿಗಲ್ಲು ಹಾಕಿತು. 1923ರಲ್ಲಿ ಕುಲುಮೆ ಉರಿಯಿತು. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ಹೊತ್ತು ನಿಲ್ಲಿಸಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲು. ಇವೆರಡೂ ಸೇರಿ ಕಬ್ಬಿಣ. ನಮ್ಮ ತಾತ ತರೀಕೆರೆ ಕಡೆಯ ಹಳ್ಳಿಯಿಂದ ಹದಿನೆಂಟು ವರ್ಷದ ಹುಡುಗನಾಗಿ ಅಲ್ಲಿಗೆ ಬಂದು ಇದ್ದಿಲು ಹೊತ್ತು, ಆಮೇಲೆ ಕುಲುಮೆಯ ಬಳಿ ನಿಂತು, ಅಲ್ಲಿಯೇ ತಲೆ ನರೆಸಿಕೊಂಡವರು. ಮದುವೆಯಾಗಿ ಬಂದ ಮೊದಲ ರಾತ್ರಿ ನಮ್ಮ ಅಜ್ಜಿ ಕ್ವಾರ್ಟರ್ಸಿನ ಅಂಗಳದಲ್ಲಿ ನಿಂತು ನೋಡಿದಾಗ ಆಕಾಶವೆಲ್ಲ ಕೆಂಪಗಾಯಿತಂತೆ. "ಅಯ್ಯೋ, ಕಾಡಿಗೆ ಬೆಂಕಿ ಬಿತ್ತು!" ಎಂದು ಕೂಗಿದಳಂತೆ. ಅಕ್ಕಪಕ್ಕದ ಹೆಂಗಸರು ನಕ್ಕು, "ಅದು ಕಾಡಲ್ಲಮ್ಮ, ನಿನ್ನ ಗಂಡ!" ಎಂದರಂತೆ. ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆಯಾದರೂ ಈ ಕತೆ ಬರದೆ ಇರುತ್ತಿರಲಿಲ್ಲ.

ಇದನ್ನು ಕೇಳಿ ಅಬುವೆಲಾ ಕೈತಟ್ಟಿ ನಕ್ಕಳು. ಅವರಲ್ಲಿಯೂ ಹಾಗೆಯೇ ಇತ್ತಂತೆ. ಲೋಹ ತೆಗೆದ ಮೇಲೆ ಉಳಿದ ಕಿಟ್ಟವನ್ನು ಇನ್ನೂ ಕೆಂಡವಾಗಿರುವಾಗಲೇ ಬಂಡಿಯಲ್ಲಿ ಒಯ್ದು ರಾತ್ರಿ ದಿಬ್ಬದ ಮೇಲಿಂದ ಸುರಿಯುತ್ತಿದ್ದರು. ಬೆಟ್ಟದ ಮೈಮೇಲೆ ಬೆಂಕಿಯ ಹೊಳೆ ಇಳಿದಂತೆ ಕಾಣುತ್ತಿತ್ತು. ಮಕ್ಕಳೆಲ್ಲ ಮನೆಯ ಮುಂದೆ ಕೂತು ನೋಡುತ್ತಿದ್ದರು. "ನಗರದ ಜನ ಕಾರಿನಲ್ಲಿ ಬಂದು ನೋಡುತ್ತಿದ್ದರು, ನಮಗೆ ದಿನವೂ ಪುಕ್ಕಟೆ" ಎಂದಳು.

ಎಸ್ಮೆಲ್ಡಾದಲ್ಲಿ ಎರಡು ಭಾಗ. ಎಲ್ ಆಲ್ಟೋ ಎಂದರೆ ಮೇಲಿನ ಕೇರಿ, ಎಲ್ ಬಾಹೋ ಎಂದರೆ ಕೆಳಗಿನ ಕೇರಿ. ಮೇಲಿನದು ಕಾರ್ಖಾನೆಗೆ ಹತ್ತಿರ. ಕೆಳಗಿನದು ಹೊಳೆಗೆ ಹತ್ತಿರ. ಅಬುವೆಲಾಳ ಮನೆ ಕೆಳಗೆ. ಹೊಳೆಯ ಮಣ್ಣಿಗೆ ಹುಲ್ಲು ಕಲಸಿ ಹಸಿ ಇಟ್ಟಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಆಕೆಯ ತಾತ ಒಂದು ಕೋಣೆ ಕಟ್ಟಿದ. ಮಕ್ಕಳು ಹುಟ್ಟಿದ ಹಾಗೆಲ್ಲ ಒಂದೊಂದು ಕೋಣೆ ಸೇರಿತು. "ನಮ್ಮ ಮನೆಯ ಕೋಣೆ ಎಣಿಸಿದರೆ ನಮ್ಮ ವಂಶ ಎಣಿಸಿದಂತೆ" ಎಂದಳು. ಗೋಡೆ ಅವರದು, ಮಾಡು ಅವರದು, ಅಂಗಳದ ಹೂವಿನ ಗಿಡ ಅವರದು. ನೆಲ ಮಾತ್ರ ಅವರದಲ್ಲ, ನೆಲಬಾಡಿಗೆ ಕೊಡಬೇಕು. ಈ ಒಂದು ಸಂಗತಿ ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಊರಿನಲ್ಲಿ ಅಂಗಡಿ, ಶಾಲೆ, ಸಂತ ಜೋಸೆಫರ ಇಗರ್ಜಿ ಇದ್ದುವು. ಕಾರ್ಖಾನೆಯ ಕೂಗಿಗೆ ಗಂಡಸರು ಹೊರಡುತ್ತಿದ್ದರು, ಕೂಗಿಗೆ ಬರುತ್ತಿದ್ದರು. ಅದರ ಲೆಕ್ಕದಲ್ಲಿ ಹೆಂಗಸರು ಮುಸುಕಿನ ಜೋಳದ ರೊಟ್ಟಿ ತಟ್ಟುತ್ತಿದ್ದರು. ಎದುರಿಗೆ ಒಂದು ಬೆಟ್ಟ. ಆ ಊರಿನ ಪಾದ್ರಿ ಲೂರ್ಡೆಸ್ ಕೋಸ್ಟಾ ಅವರಿಗೆ ಆ ಬೆಟ್ಟದ ಮೇಲೆ ಕ್ರಿಸ್ತನ ಮೂರ್ತಿಯನ್ನು ನಿಲ್ಲಿಸಬೇಕೆಂದು ಆಸೆಯಾಯಿತು. ಕುಲುಮೆಯಲ್ಲಿ ದುಡಿದು ಬಂದ ಜನರೇ ಗುದ್ದಲಿ ಹಿಡಿದು ಬೆಟ್ಟದ ದಾರಿ ಕಡಿದರು. ಊರ್ಬಿಸಿ ಸೋಲೆರ್ ಎಂಬ ಶಿಲ್ಪಿ ಸುಣ್ಣಕಲ್ಲಿನಲ್ಲಿ ಕಡೆದ 29 ಅಡಿಯ ಮೂರ್ತಿ 1939ರಲ್ಲಿ ಮೇಲೇರಿತು. ಅಬುವೆಲಾಳ ತಾಯಿ ಆಗ ಚಿಕ್ಕ ಹುಡುಗಿ. ದಾರಿ ಕಡಿಯುವವರಿಗೆ ತಂಬಿಗೆಯಲ್ಲಿ ನೀರು ಹೊತ್ತಿದ್ದಳಂತೆ. "ಆ ಬೆಟ್ಟದಲ್ಲಿ ನಮ್ಮಮ್ಮನ ನೀರು ಇದೆ" ಎಂದು ಆಕೆ ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಸಾವಿರಾರು ಮಂದಿ ಅಲ್ಲಿಗೆ ನಡೆದು ಏರುತ್ತಾರೆ, ಕೆಲವರು ಬರಿಗಾಲಿನಲ್ಲಿ.

ಇಷ್ಟನ್ನು ಆಕೆ ಹೇಳಿದ್ದು ಮೂರು ನಾಲ್ಕು ಸಂಜೆಗಳಲ್ಲಿ, ನಗುನಗುತ್ತ. ಊರು ಇಲ್ಲವಾದದ್ದು ಹೇಗೆ ಎಂದು ನಾನು ಕೇಳಲಿಲ್ಲ. ಐದನೆಯ ಸಂಜೆ ಆಕೆಯೇ ಹೇಳಿದಳು. ಅಂದು ನಗಲಿಲ್ಲ.

ಹೊಗೆ ಇಳಿದ ದಿನ ಬಾಯಿಗೆ ಒಂದು ರುಚಿ ಬರುತ್ತಿತ್ತಂತೆ. ಗಂಧಕದ ಘಾಟು ಮೂಗಿಗೆ ಏರಿದರೆ ಒದ್ದೆ ಕರವಸ್ತ್ರ ಹಿಡಿದುಕೊಂಡು ಶಾಲೆಗೆ ಹೋಗುತ್ತಿದ್ದರು. ಅದು ಕಣ್ಣಿಗೆ ಕಾಣುವ ಶತ್ರು. ಕಾಣದ ಶತ್ರು ಧೂಳಿನಲ್ಲಿತ್ತು. ಮಕ್ಕಳು ಆಡುವ ಅಂಗಳದಲ್ಲಿ, ಕಿಟಕಿಯ ಪಟ್ಟಿಯ ಮೇಲೆ, ಅಮ್ಮ ದಿನಕ್ಕೆ ಮೂರು ಸಲ ಗುಡಿಸುವ ನೆಲದ ಮೇಲೆ ಸೀಸ ಕೂತಿತ್ತು. 1970ರಲ್ಲಿ ನಗರಸಭೆ ಕಂಪನಿಯ ಮೇಲೆ ಹೊಗೆಯ ವಿಷಯವಾಗಿ ದಾವೆ ಹೂಡಿತು. ಲೆಕ್ಕ ತೆಗೆದಾಗ 1969ರಿಂದ 1971ರವರೆಗಿನ ಮೂರು ವರ್ಷಗಳಲ್ಲಿ ಹೊಗೆಗೊಳವೆಗಳಿಂದ 1,100 ಟನ್ನಿಗೂ ಮೀರಿ ಸೀಸ ಹೊರಗೆ ಬಿದ್ದಿತ್ತು. 1960ರ ದಶಕದಲ್ಲಿ ಕಂಪನಿ 828 ಅಡಿ ಎತ್ತರದ ಒಂದು ಹೊಗೆಗೊಳವೆಯನ್ನು ಕಟ್ಟಿಸಿತ್ತು. ನಮ್ಮ ಶ್ರವಣಬೆಳಗೊಳದ ಗೊಮ್ಮಟನಂಥ ಹದಿನಾಲ್ಕು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದರ ತುದಿ ಮುಟ್ಟುತ್ತಿರಲಿಲ್ಲ. ಹೊಗೆಯನ್ನು ಅಷ್ಟು ಮೇಲಕ್ಕೆ ಒಯ್ದರೆ ಊರಿಗೆ ತಾಗದು ಎಂಬುದು ತರ್ಕ. ಆದರೆ ಸೀಸದ ಧೂಳು ಭಾರವಾದದ್ದು. ನೆಲದ ಬಳಿಯೂ ಏಳುತ್ತದೆ, ಮೇಲೆ ಹೋದದ್ದೂ ಕೆಳಗೆ ಇಳಿಯುತ್ತದೆ.

ಆರೋಗ್ಯ ಇಲಾಖೆಯವರು ಮಕ್ಕಳ ರಕ್ತ ಪರೀಕ್ಷೆಗೆ ಕರೆದರು. ಅಬುವೆಲಾಳಿಗೆ ಆಗ ಹತ್ತೊಂಬತ್ತು ವರ್ಷ. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಆಕೆಯೇ ಮೊದಲು. ಕಡೆಯ ತಮ್ಮನಿಗೆ ಐದು ವರ್ಷ. "ನಮ್ಮ ಮಕ್ಕಳು ಚೆನ್ನಾಗಿಯೇ ಇದ್ದಾರೆ; ಓಡಾಡುತ್ತಾರೆ, ಉಣ್ಣುತ್ತಾರೆ. ಯಾರಿಗೆ ಏನಾಗಿದೆ?" ಎಂದು ತಾಯಿ ಕೇಳಿದಳು. ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನೋಡುವುದಕ್ಕೆ ಮಕ್ಕಳು ಚೆನ್ನಾಗಿಯೇ ಇದ್ದರು. ಮಗಳು ತಾಯಿಯೊಂದಿಗೆ ವಾದಿಸಿದಳು, ಅತ್ತಳು; ಕೊನೆಗೆ ತಾಯಿ ಇಗರ್ಜಿಗೆ ಹೋದ ಹೊತ್ತು ನೋಡಿ ತಮ್ಮನ ಕೈಹಿಡಿದು ತಾನೇ ಕರೆದುಕೊಂಡು ಹೋದಳು.

1972ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರದಿಂದ ಬಂದ ಫಿಲಿಪ್ ಲ್ಯಾಂಡ್ರಿಗನ್ ಎಂಬ ಯುವಕ ವೈದ್ಯರು ಅಲ್ಲಿ ಮಾಡಿದ ಅಧ್ಯಯನ ವೈದ್ಯಶಾಸ್ತ್ರದಲ್ಲಿ ಹೆಸರಾದದ್ದು. ಕಾರ್ಖಾನೆಯ ಹತ್ತಿರ ಬೆಳೆದ ಚಿಕ್ಕ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, 100 ಮಿಲಿಲೀಟರಿಗೆ 40 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೀರಿ ಸೀಸ ಇತ್ತು. 2021ರಿಂದ ಆ ದೇಶದಲ್ಲಿ 3.5 ಮೈಕ್ರೋಗ್ರಾಂ ಮುಟ್ಟಿದರೇ ಎಚ್ಚರಿಕೆಯ ಗೆರೆ ಎನ್ನುತ್ತಾರೆ. ಮುಂದಿನ ಪರೀಕ್ಷೆಗಳಲ್ಲಿ ಮಕ್ಕಳಿಗೆ ಬೆರಳಿನಿಂದ ಬೇಗಬೇಗ ತಟ್ಟಲು ಹೇಳಿದರು. ಕಾಯಿಲೆಯ ಲಕ್ಷಣವೇ ಇಲ್ಲದ, ನಗುನಗುತ್ತಿದ್ದ ಮಕ್ಕಳು ಇತರರಿಗಿಂತ ನಿಧಾನವಾಗಿ ತಟ್ಟಿದರು. ಬುದ್ಧಿಯ ಪರೀಕ್ಷೆಯಲ್ಲಿಯೂ ಕೆಲವು ಅಂಕ ಹಿಂದೆ ಬಿದ್ದರು. ನೋಡಲು ಚೆನ್ನಾಗಿರುವ ಮಗುವಿಗೂ ಸೀಸ ಕೆಡುಕು ಮಾಡುತ್ತದೆ ಎಂದು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಎಸ್ಮೆಲ್ಡಾದ ಮಕ್ಕಳು ಸೇರಿದ್ದಾರೆ. ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕುವ ವಾದಕ್ಕೆ ಇಂಥ ಅಧ್ಯಯನಗಳೇ ಬಲ ಕೊಟ್ಟುವು. ನಮ್ಮ ನಿಮ್ಮ ಮಕ್ಕಳು ಇಂದು ಬೀದಿಯಲ್ಲಿ ಉಸಿರಾಡುವ ಗಾಳಿಗೂ ಆ ಪುಟ್ಟ ಬೆರಳುಗಳಿಗೂ ಅಷ್ಟು ಋಣವಿದೆ.

ಆದರೆ ಎಸ್ಮೆಲ್ಡಾಕ್ಕೆ ಇದರಿಂದ ಆದದ್ದೇನು? ಮಕ್ಕಳನ್ನು ಉಳಿಸಬೇಕಾದರೆ ಜನ ಅಲ್ಲಿಂದ ಏಳಬೇಕು ಎಂದಾಯಿತು. ಆಗ ನೆಲ ತಮ್ಮದಲ್ಲ ಎಂಬುದು ಎಲ್ಲರಿಗೂ ನೆನಪಾಯಿತು. ಬಹಳ ಮಂದಿ ಹೋಗಲೊಲ್ಲೆವೆಂದರು. ವೈದ್ಯರ ಮೇಲೆ, ನಗರಸಭೆಯ ಮೇಲೆ ಸಿಟ್ಟಾದರು. ಅನ್ನ ಕೊಟ್ಟ ಕಾರ್ಖಾನೆಯ ಪರವಾಗಿ ಮಾತಾಡಿದರು. ಆದರೂ 1972ರ ಕೊನೆಯಿಂದ ಮನೆಗಳು ಖಾಲಿಯಾದುವು; ಯಂತ್ರಗಳು ಬಂದುವು. ಹಸಿ ಇಟ್ಟಿಗೆಯ ಗೋಡೆ ಬೀಳುವುದಕ್ಕೆ ಎಷ್ಟು ಹೊತ್ತು? ಹೊಳೆಯ ಮಣ್ಣು ಹೊಳೆಯ ದಂಡೆಗೆ ಸೇರಿತು.

"ನಮ್ಮಮ್ಮ ನನ್ನನ್ನು ಒಂದು ದಿನವೂ ಬೈಯಲಿಲ್ಲ" ಎಂದಳು ಅಬುವೆಲಾ. "ಆದರೆ ಸಾಯುವವರೆಗೆ ಕಾಲವನ್ನು ಎಣಿಸಿದ್ದು ಒಂದೇ ರೀತಿ. ಇದು ರಕ್ತ ತೆಗೆಯುವುದಕ್ಕೆ ಮುಂಚೆ ನಡೆದದ್ದು, ಇದು ರಕ್ತ ತೆಗೆದ ಮೇಲೆ ನಡೆದದ್ದು. ನನ್ನ ಮದುವೆ ರಕ್ತ ತೆಗೆದ ಮೇಲೆ ನಡೆದದ್ದು."

ನಾನು ಮೇಷ್ಟರು ತಾನೆ. ಸಮಾಧಾನದ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ. "ನೀವು ಮಾಡಿದ್ದು ಸರಿಯಾದ ಕೆಲಸ" ಎಂದೆ. ಆಕೆ ನನ್ನನ್ನು ನೋಡಿ, "ಸರಿಯಾದ ಕೆಲಸವೇ. ಅದನ್ನು ನನಗೆ ಎಲ್ಲರೂ ಹೇಳಿದ್ದಾರೆ. ಅಮ್ಮನ ಪಕ್ಕದಲ್ಲಿ ಕೂತು, ಮನೆ ಹೋಯಿತಲ್ಲ ಎಂದು ನಾನೂ ಒಂದು ಸಲ ಅಳಬೇಕಾಗಿತ್ತು. ಅಳಲಿಲ್ಲ. ಅತ್ತರೆ ನಾನು ಮಾಡಿದ್ದು ತಪ್ಪೆಂದು ಒಪ್ಪಿಕೊಂಡಂತೆ ಆಗುತ್ತದೆ ಎಂದು ತಿಳಿದಿದ್ದೆ. ಹತ್ತೊಂಬತ್ತು ವರ್ಷ ನೋಡಿ" ಎಂದಳು.

ಮಾರನೆಯ ದಿನ ತಂಗಿ ನಮ್ಮಿಬ್ಬರನ್ನೂ ಕಾರಿನಲ್ಲಿ ಆ ಜಾಗಕ್ಕೆ ಕರೆದುಕೊಂಡು ಹೋದಳು. ಹೆದ್ದಾರಿ, ರೈಲು ದಾರಿ, ಬೇಲಿ, ಬಿಸಿಲು. ಅಬುವೆಲಾ ಬೇಲಿಯ ಈಚೆ ನಿಂತು ಬೆರಳು ತೋರಿಸಿ, ಇಲ್ಲಿ ಇಗರ್ಜಿ, ಇಲ್ಲಿ ಅಂಗಡಿ, ಇದು ನಮ್ಮ ಅಂಗಳ ಎನ್ನುತ್ತಿದ್ದಳು. ನನಗೆ ಕಂಡದ್ದು ಬರಿಯ ನೆಲ. ಆಕೆಯ ಬೆರಳು ಮಾತ್ರ ಎಲ್ಲಿಯೂ ತಡವರಿಸಲಿಲ್ಲ. ಊರಿನ ಸ್ಮಶಾನ ಮಾತ್ರ ಉಳಿದಿದೆ, ಶಿಲುಬೆಗಳು, ಕಲ್ಲುಗುಪ್ಪೆಗಳು. ತಾತ ಅಲ್ಲಿದ್ದಾನೆ. ಬದುಕಿದ್ದವರನ್ನೆಲ್ಲ ಎಬ್ಬಿಸಿ ಕಳಿಸಿದರು. ಸತ್ತವರಿಗೆ ಮಾತ್ರ ನೆಲ ತಪ್ಪಲಿಲ್ಲ.

ಕಾರ್ಖಾನೆ ಆಮೇಲೂ ನಡೆಯಿತು, 1999ರಲ್ಲಿ ನಿಂತಿತು. 2005ರಲ್ಲಿ ಕಂಪನಿ ದಿವಾಳಿ ಎಂದು ಅರ್ಜಿ ಹಾಕಿತು. ಹೊಗೆಗೊಳವೆ ಇನ್ನೂ ಕೆಲವು ವರ್ಷ ನಿಂತಿತ್ತು. ಅದನ್ನು ಗುರುತಾಗಿ ಉಳಿಸಿಕೊಳ್ಳೋಣ ಎಂದವರೂ ಇದ್ದರು, ಪೀಡೆ ತೊಲಗಲಿ ಎಂದವರೂ ಇದ್ದರು. 2013ರ ಏಪ್ರಿಲ್ 13ರ ಬೆಳಗಿನ ಜಾವ ಮದ್ದಿಟ್ಟು ಉರುಳಿಸಿದರು. ನೋಡಲು ಜನ ಸೇರಿದ್ದರು. ಅಬುವೆಲಾ ತನ್ನ ತಮ್ಮನೊಂದಿಗೆ ಹೋಗಿದ್ದಳು. ಆತ ಶಾಲೆಯೊಂದರಲ್ಲಿ ತೋಟದ ಕೆಲಸ ಮಾಡಿಕೊಂಡಿದ್ದಾನೆ. ಬಾಲ್ಯದಲ್ಲಿ ಲೆಕ್ಕ ಬರುತ್ತಿರಲಿಲ್ಲ. ಅದು ಸೀಸದಿಂದ ಬಂದದ್ದೋ ಹುಟ್ಟಿನಿಂದ ಬಂದದ್ದೋ ಯಾರು ಹೇಳಬಲ್ಲರು? ಲೆಕ್ಕ ಬಾರದವರು ನಮ್ಮ ಮನೆತನದಲ್ಲಿಯೂ ಇದ್ದಾರೆ. ನಮಗೆ ಯಾರೂ ರಕ್ತ ಪರೀಕ್ಷೆ ಮಾಡಲಿಲ್ಲ.

"ಅದು ಬಾಗಿತು, ಬಿತ್ತು. ಧೂಳು ಎದ್ದಿತು. ನಲವತ್ತು ವರ್ಷ ಕಾದ ದಿನ. ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಪಕ್ಕಕ್ಕೆ ತಿರುಗಿ ನೋಡಿದರೆ ತಮ್ಮ ಅಳುತ್ತಿದ್ದ. ಯಾರ ರಕ್ತಕ್ಕೆ ಅದು ವಿಷ ಹಾಕಿತೋ ಅವನೇ ಅಳುತ್ತಿದ್ದ. 'ಅಪ್ಪನ ಚಿಮಣಿ' ಎಂದ. ನಾನು ಕೈ ಇಳಿಸಿದೆ. ಅವನ ಹೆಗಲ ಮೇಲೆ ಇಟ್ಟೆ. ಅಮ್ಮನ ಹತ್ತಿರ ಅಳಬೇಕಾಗಿದ್ದದ್ದನ್ನು ಅಂದು ಅವನ ಹತ್ತಿರ ಅತ್ತೆ."

ಎಸ್ಮೆಲ್ಟಿಯಾನೋಗಳು ಊರು ಹೋದ ಮೇಲೂ ಕೂಟ ಸೇರಿಕೊಂಡು ನೆನಪು ಹಂಚಿಕೊಂಡಿದ್ದಾರೆ. ಆ ಊರಿನ ಮನೆತನದಲ್ಲೇ ಹುಟ್ಟಿದ ಚರಿತ್ರಕಾರ್ತಿ ಮೋನಿಕಾ ಪೆರಾಲೆಸ್ 2010ರಲ್ಲಿ ಅದರ ಚರಿತ್ರೆಯನ್ನು ಪುಸ್ತಕವಾಗಿ ಬರೆದಿದ್ದಾರೆ. ವಿಷ ಎಂಬ ಒಂದೇ ಮಾತಿನಲ್ಲಿ ಹೊರಗಿನವರು ಮುಗಿಸಿಬಿಡುವ ಊರಿನಲ್ಲಿ ಎಷ್ಟು ಮದುವೆ, ಎಷ್ಟು ಹಾಡು, ಎಷ್ಟು ಜಗಳ ಇದ್ದುವು ಎಂಬುದನ್ನು ಒಳಗಿನವರೇ ಹೇಳಬೇಕು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಓದುಗರಿಗೆ ಈಗ ನನ್ನದೊಂದು ವಿಷಯವನ್ನು ಹೇಳಬೇಕು. ಇದುವರೆಗೆ ಹೇಳದೆ ತಪ್ಪಿಸಿಕೊಂಡು ಬಂದದ್ದು ಅದು.

ನಮ್ಮ ತಂದೆ ಹುಟ್ಟಿದ್ದು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ. ದುಡಿದದ್ದು ತಾತ ದುಡಿದ ಕಾರ್ಖಾನೆಯಲ್ಲಿ. 2009ರಲ್ಲಿ ನಿವೃತ್ತರಾದ ಮೇಲೆ ಹಳೇನಗರದಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ತಾಯಿ ತೀರಿಕೊಂಡ ಮೇಲೆ, 2021ರಲ್ಲಿ, ನಾನು ಅವರನ್ನು ಮೈಸೂರಿಗೆ ಕರೆತಂದೆ. ಒಬ್ಬರೇ ಇರುವುದು ಸರಿಯಲ್ಲ, ವಯಸ್ಸಾಗಿದೆ, ವೈದ್ಯರು ಹತ್ತಿರವಿರಬೇಕು; ಎಲ್ಲವೂ ಸರಿಯಾದ ಕಾರಣಗಳೇ. ಮೂರನೆಯ ಅಂತಸ್ತಿನ ಮನೆ, ಚೆನ್ನಾದ ಗಾಳಿ. ಅವರಿಗೆ ಮಾತ್ರ ಹೊತ್ತು ತಿಳಿಯುತ್ತಿರಲಿಲ್ಲ. ಗೋಡೆಯ ಮೇಲೆ ಗಡಿಯಾರವಿದ್ದರೂ "ಎರಡು ಗಂಟೆ ಆಯಿತೇನಪ್ಪ?" ಎಂದು ಕೇಳುತ್ತಿದ್ದರು. ಸೈರನ್ನಿನ ಕೂಗಿಗೆ ಊಟ, ಕೂಗಿಗೆ ನಿದ್ದೆ ಎಂದು ಅರವತ್ತು ಎಪ್ಪತ್ತು ವರ್ಷ ಬಾಳಿದ ಕಿವಿ ಗಡಿಯಾರದ ಮುಳ್ಳನ್ನು ನಂಬಲಿಲ್ಲ.

2023ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪತ್ರಿಕೆಗಳಲ್ಲಿ ಬಂತು. ಕಾರ್ಮಿಕರು ಬೀದಿಗಿಳಿದರು. ಅಪ್ಪ ಆ ಸುದ್ದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, "ಒಂದು ಸಲ ಹೋಗಿ ಅವರ ಜತೆ ಕೂತು ಬರೋಣವೇನಪ್ಪ?" ಎಂದರು. ನನಗೆ ಅಂದು ಪರೀಕ್ಷೆಯ ಉತ್ತರ ಪತ್ರಿಕೆಗಳ ಗಡಿಬಿಡಿ. "ಅಲ್ಲಿ ಏನಿದೆ ಅಪ್ಪ ಈಗ? ತುಕ್ಕು ಹಿಡಿದ ಕಬ್ಬಿಣ ತಾನೆ?" ಎಂದೆ. ಅಪ್ಪ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಟ್ಟರು. ಅಂದಿನಿಂದ ನನ್ನ ಹತ್ತಿರ ಊರಿನ ಹೆಸರು ಎತ್ತಲಿಲ್ಲ. ನಾನು, ಪರವಾಗಿಲ್ಲ, ಮರೆತರು ಎಂದುಕೊಂಡೆ.

ನಾನು ಹೇಳಿದ್ದು ಸುಳ್ಳಲ್ಲ. ಅಲ್ಲಿ ತುಕ್ಕು ಇದ್ದದ್ದೂ ನಿಜ. ಆದರೆ ನಿಜವನ್ನು ಹೇಳಿ ಎದ್ದುಹೋಗುವುದು ಬೇರೆ, ಹೇಳಿ ಪಕ್ಕದಲ್ಲಿ ಕೂರುವುದು ಬೇರೆ. ಇಪ್ಪತ್ತು ವರ್ಷ ಕಾವ್ಯ ಪಾಠ ಮಾಡಿದವನಿಗೆ ಇದನ್ನು ಹೇಳಿಕೊಡಲು ಒಬ್ಬ ಮೆಕ್ಸಿಕನ್ ಮುದುಕಿ ಬೇಕಾಯಿತು.

ಎಲ್ ಪಾಸೋದಿಂದ ಹೊರಡುವ ದಿನ ಅಬುವೆಲಾ ಒಂದು ಕಾಗದದಲ್ಲಿ ಸುತ್ತಿದ ವಸ್ತುವನ್ನು ನನ್ನ ಕೈಯಲ್ಲಿ ಇಟ್ಟಳು. ಎದುರು ಬೆಟ್ಟದ ದಾರಿಯ ಒಂದು ಕಲ್ಲು. "ನಿಮ್ಮ ತಂದೆಗೆ ಕೊಡಿ. ಇನ್ನೊಂದು ಎಸ್ಮೆಲ್ಡಾದವರು ಕಳಿಸಿದ್ದು ಎನ್ನಿ" ಎಂದಳು.

ಮೈಸೂರಿಗೆ ಬಂದ ವಾರದಲ್ಲೇ ಕಾಲೇಜಿಗೆ ಎರಡು ದಿನ ರಜೆ ಹಾಕಿ, ಅಪ್ಪನನ್ನು ಕರೆದುಕೊಂಡು ರೈಲು ಹತ್ತಿದೆ. ದಾರಿಯಲ್ಲಿ ಎಸ್ಮೆಲ್ಡಾದ ಕತೆಯೆಲ್ಲವನ್ನೂ ಹೇಳಿದೆ. ಅವರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಕಬ್ಬಿಣವಿಲ್ಲ" ಎಂದರು. ಆಮೇಲೆ ಜೇಬಿಗೆ ಹಾಕಿಕೊಂಡರು. ಬೀರೂರು, ತರೀಕೆರೆ ದಾಟುತ್ತಿದ್ದಂತೆ ಬಾಗಿಲ ಬಳಿಗೆ ಹೋಗಿ ನಿಂತರು. ಎಪ್ಪತ್ತೈದು ವರ್ಷದವರು ಬಾಗಿಲ ಬಳಿ ನಿಲ್ಲಬಾರದು ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡು ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ಭದ್ರಾವತಿಯಲ್ಲಿ ಇಳಿದು ಮೊದಲು ಒಂದು ಅಂಗಡಿಯಲ್ಲಿ ಚಹಾ ಕುಡಿದೆವು. ಅಂಗಡಿಯ ಹುಡುಗ ಹೊಸಬ. ನಮ್ಮ ಚೀಲ, ಪ್ರಯಾಣದ ಬಟ್ಟೆ ನೋಡಿ, ಲೋಟ ಕೊಡುತ್ತ, "ಯಾವೂರಾಯ್ತು ಯಜಮಾನ್ರೆ?" ಎಂದ.

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದೇ ಊರು" ಎಂದರು.